ಹಿಕಾರಿಯ ಜೊತೆಗೇ ಕೊಡಾಮಾವೂ ಹೊರಟಿತ್ತು: ಕರಾವಳಿಯ ರೈಲಿನ ಬಗ್ಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ರೈಲ್ವೆ ಸಚಿವರಿಗೆ, ಕೊಂಕಣ ರೈಲ್ವೆ ನಿಗಮದ ಆಡಳಿತ ಮಂಡಳಿಗೆ ಮತ್ತು ಉತ್ತರ ಕನ್ನಡದ ನಮ್ಮ ಜನಪ್ರತಿನಿಧಿಗಳಿಗೆ,

ಕುಮಟಾದಿಂದ ಒಬ್ಬ ನಿವೃತ್ತ ಶಿಕ್ಷಕಿಯ ನಮಸ್ಕಾರಗಳು.

ಮಂಗಳೂರು–ಮಡಗಾಂವ್ ವಂದೇ ಭಾರತ್ ರೈಲಿಗೆ ಪ್ರಧಾನಿಯವರು 2023ರ ಡಿಸೆಂಬರ್ 30ರಂದು ಅಯೋಧ್ಯೆಯಿಂದಲೇ ಹಸಿರು ನಿಶಾನೆ ತೋರಿಸಿದರು. ಆರಂಭದಲ್ಲಿ ನಡುವೆ ಕೊಟ್ಟ ನಿಲುಗಡೆ ಎರಡೇ, ಉಡುಪಿ ಮತ್ತು ಕಾರವಾರ. ಉಡುಪಿ ಬಿಟ್ಟರೆ ಕಾರವಾರ ಎಂದಾಗ ಕುಂದಾಪುರ, ಬೈಂದೂರು, ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ, ಗೋಕರ್ಣ, ಅಂಕೋಲಾ ಎಲ್ಲವೂ ಕಿಟಕಿಯಲ್ಲಿ ಕಂಡು ಮರೆಯಾಗುವ ಊರುಗಳಾದವು. ನಮ್ಮಲ್ಲೂ ನಿಲ್ಲಿಸಿ ಎಂದು ಒಂದೊಂದು ಊರಿನವರೂ ಮನವಿ ಬರೆಯುತ್ತಲೇ ಇದ್ದಾರೆ. ಎಲ್ಲ ಮನವಿಗೂ ಹೂಂ ಅಂದರೆ ಆ ಗಾಡಿ ವೇಗದ ಗಾಡಿಯಾಗಿ ಉಳಿಯುವುದಿಲ್ಲ, ಇದು ನಮಗೂ ತಿಳಿಯುತ್ತದೆ. ಹಾಗಾಗಿ ನನ್ನ ಪ್ರಶ್ನೆ ಬೇರೆ. ವೇಗದ ರೈಲು ಕೊಟ್ಟ ದಿನವೇ ಅದಕ್ಕೆ ಜೋಡಿಯಾಗಿ, ಎಲ್ಲ ಊರಲ್ಲಿ ನಿಂತು ಹೋಗುವ ಇನ್ನೊಂದು ಒಳ್ಳೆಯ ರೈಲನ್ನು ಯಾಕೆ ಕೊಡಲಿಲ್ಲ?

ಇದು ನನ್ನ ತಲೆಯಿಂದ ಬಂದ ಆಸೆಯಲ್ಲ. ಜಗತ್ತಿನ ಮೊಟ್ಟಮೊದಲ ಅತಿವೇಗದ ರೈಲು ಹೊರಟದ್ದೇ ಹಾಗೆ. ಸಮಾಜ ವಿಜ್ಞಾನ ಕಲಿಸುವಾಗ ಮಕ್ಕಳಿಗೆ ಜಪಾನಿನ ಬುಲೆಟ್ ರೈಲಿನ ಕಥೆ ಹೇಳುತ್ತಿದ್ದೆ. ಗಂಟೆಗೆ ಇಷ್ಟು ಕಿಲೋಮೀಟರ್ ಎಂದರೆ ಮಕ್ಕಳ ಕಣ್ಣು ಅರಳುತ್ತಿತ್ತು. ಪಠ್ಯದಲ್ಲಿ ವೇಗದ ಅಂಕಿ ಇರುತ್ತದೆ, ಯಾರಿಗೆ ಎಲ್ಲಿ ನಿಲ್ಲುತ್ತದೆ ಎಂಬುದು ಇರುವುದಿಲ್ಲ. ಆ ಭಾಗವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಬೇಕು.

ಟೋಕಿಯೊ ಮತ್ತು ಒಸಾಕಾ ನಡುವೆ ಮೊದಲಿದ್ದದ್ದು ಕಿರಿದಾದ ಹಳಿಯ ಹಳೆಯ ಮಾರ್ಗ. ಆ ಮಾರ್ಗದಲ್ಲಿ 1958ರ ನವೆಂಬರಿನಲ್ಲಿ ಕೊಡಾಮಾ ಎಂಬ ಎಕ್ಸ್‌ಪ್ರೆಸ್ ಶುರುವಾಯಿತು. ಏಳು ಗಂಟೆಯೊಳಗೆ ಆ ತುದಿ ಮುಟ್ಟಿಸುತ್ತಿದ್ದ ಈ ಗಾಡಿಯಿಂದಾಗಿ ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿ ಮನೆ ಸೇರುವುದು ಸಾಧ್ಯವಾಯಿತು. ಆದರೆ ಗೂಡ್ಸು, ಲೋಕಲ್, ಎಕ್ಸ್‌ಪ್ರೆಸ್ ಎಲ್ಲ ಸೇರಿ ಆ ಮಾರ್ಗ ಉಸಿರು ಕಟ್ಟುವಷ್ಟು ತುಂಬಿಹೋಗಿತ್ತು. ಆಗ ಅಲ್ಲಿನ ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷ ಶಿಂಜಿ ಸೊಗೊ ಮತ್ತು ಮುಖ್ಯ ಎಂಜಿನಿಯರ್ ಹಿದೆಒ ಶಿಮಾ, ವೇಗದ ಗಾಡಿಗೆ ಪ್ರತ್ಯೇಕವಾಗಿ ಅಗಲ ಹಳಿಯ ಜೋಡಿ ಮಾರ್ಗವನ್ನೇ ಹಾಕಬೇಕೆಂದು ಹಟ ಹಿಡಿದರು. ವಿಮಾನ ಮತ್ತು ಕಾರಿನ ಕಾಲ ಬಂತು, ರೈಲಿಗೆ ಇನ್ನು ಯಾಕೆ ದುಡ್ಡು ಸುರಿಯುತ್ತೀರಿ ಎಂದವರು ಅಲ್ಲೂ ಇದ್ದರು. ವಿಶ್ವಬ್ಯಾಂಕಿನಿಂದ 8 ಕೋಟಿ ಡಾಲರ್ ಸಾಲ ಬಂತು. ಖರ್ಚು ಅಂದಾಜಿನ ಎರಡು ಪಟ್ಟಿನ ಹತ್ತಿರ ಹೋಯಿತು. ಅದರ ಹೊಣೆ ಹೊತ್ತು 1963ರಲ್ಲಿ ಇಬ್ಬರೂ ಹುದ್ದೆ ಬಿಟ್ಟರು. ಮರುವರ್ಷದ ಉದ್ಘಾಟನೆಯ ವೇದಿಕೆಯಲ್ಲಿ ಅವರಿಬ್ಬರೂ ಇರಲಿಲ್ಲ. ಅದನ್ನು ಓದಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

1964ರ ಅಕ್ಟೋಬರ್ 1. ಟೋಕಿಯೊ ಒಲಿಂಪಿಕ್ಸಿಗೆ ಇನ್ನು ಒಂಬತ್ತು ದಿನ. ಗಂಟೆಗೆ 210 ಕಿಲೋಮೀಟರ್ ವೇಗದ ಶಿಂಕಾನ್ಸೆನ್, ಅಂದರೆ ನಾವು ಬುಲೆಟ್ ರೈಲು ಎನ್ನುವುದು, ಆವತ್ತು ಬೆಳಿಗ್ಗೆ ಹೊರಟಿತು. ಹೊರಟದ್ದು ಒಂದು ಬಗೆಯ ರೈಲಲ್ಲ, ಎರಡು ಬಗೆ. ಒಂದು ಹಿಕಾರಿ. ಅದು ನಡುವೆ ನಿಲ್ಲುತ್ತಿದ್ದದ್ದು ನಗೋಯಾ ಮತ್ತು ಕ್ಯೋಟೊ, ಎರಡೇ ಕಡೆ. ಇನ್ನೊಂದು, ಹಳೆಯ ಎಕ್ಸ್‌ಪ್ರೆಸ್ಸಿನ ಹೆಸರನ್ನೇ ಪಡೆದ ಕೊಡಾಮಾ. ಅದು ಮಾರ್ಗದ ಹನ್ನೆರಡೂ ನಿಲ್ದಾಣಗಳಲ್ಲಿ ನಿಲ್ಲುತ್ತಿತ್ತು. ಹಿಕಾರಿಗೆ ನಾಲ್ಕು ಗಂಟೆ, ಕೊಡಾಮಾಗೆ ಐದು. ಗಂಟೆಗೊಂದು ಹಿಕಾರಿ ಇದ್ದರೆ ಗಂಟೆಗೊಂದು ಕೊಡಾಮಾ. ಎರಡಕ್ಕೂ ಅದೇ ಹಳಿ, ಅದೇ ಹೊಸ ಬೋಗಿಗಳು. ಒದವಾರಾ, ಅತಾಮಿ, ಹಮಾಮಾತ್ಸು, ತೊಯೊಹಾಶಿಯಂಥ ಊರಿನವರಿಗೆ ಹಳೆಯ ಡಬ್ಬಿ ಕೊಟ್ಟು ಸಮಾಧಾನ ಮಾಡಲಿಲ್ಲ.

ಹಿಕಾರಿ ದಾಟಿ ಹೋಗಬೇಕಾದಾಗ ಕೊಡಾಮಾ ನಿಲ್ದಾಣದ ಪಕ್ಕದ ಹಳಿಯಲ್ಲಿ ಕಾಯುತ್ತಿತ್ತು. ಈಗಲೂ ಕಾಯುತ್ತದೆ, ಆದರೆ ಎಲ್ಲಿ ಕಾಯಬೇಕು, ಎಷ್ಟು ನಿಮಿಷ ಎಂಬುದು ವೇಳಾಪಟ್ಟಿ ಮಾಡುವಾಗಲೇ ತೀರ್ಮಾನವಾಗಿರುತ್ತದೆ. ಒಳಗೆ ಕುಳಿತವರಿಗೆ ಆ ಐದಾರು ನಿಮಿಷದಿಂದ ಮುಂದಿನ ಬಸ್ಸು ತಪ್ಪುವುದಿಲ್ಲ.

ಮುಂದೆ ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದು ಹೇಳುತ್ತಿಲ್ಲ. 1992ರಲ್ಲಿ ನೊಜೊಮಿ ಎಂಬ ಇನ್ನೂ ವೇಗದ ಗಾಡಿ ಬಂತು, ಗಂಟೆಗೆ 270 ಕಿಲೋಮೀಟರ್, ಎರಡೂವರೆ ಗಂಟೆಯಲ್ಲಿ ಒಸಾಕಾ. ಬೆಳಗಿನ ಒಂದು ನೊಜೊಮಿಯನ್ನು ನಗೋಯಾದಲ್ಲೂ ಕ್ಯೋಟೊದಲ್ಲೂ ನಿಲ್ಲಿಸದೆ ಓಡಿಸಿದರು. ನಗೋಯಾದಂಥ ದೊಡ್ಡ ನಗರವೇ ಸಿಡಿದೆದ್ದಿತು. ಕೊನೆಗೆ 1997ರಲ್ಲಿ ಆ ಪದ್ಧತಿ ಕೈಬಿಟ್ಟರು. ನಿಲುಗಡೆ ಕೇಳುವುದು ಹಿಂದುಳಿದವರ ಗಲಾಟೆ ಎಂದು ಯಾರಾದರೂ ಅಂದುಕೊಂಡಿದ್ದರೆ ಈ ಪ್ರಸಂಗ ನೆನಪಿಸಿಕೊಳ್ಳಬೇಕು.

ನನಗೆ ನಗೋಯಾಕ್ಕಿಂತ ಹತ್ತಿರವೆನಿಸುವುದು ಶಿಜುವೊಕಾ. ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ, ನಡುವೆ ಉದ್ದಕ್ಕೆ ಮಲಗಿದ ಪ್ರಾಂತ. ಚಹಾ ತೋಟಕ್ಕೂ ಮೀನುಗಾರಿಕೆಗೂ ಹೆಸರಾದದ್ದು. ಆ ಪ್ರಾಂತದೊಳಗೆ ಶಿಂಕಾನ್ಸೆನ್ನಿನ ಆರು ನಿಲ್ದಾಣಗಳಿವೆ, ನೊಜೊಮಿ ಒಂದರಲ್ಲೂ ನಿಲ್ಲುವುದಿಲ್ಲ. ಉಡುಪಿಗೂ ಗೋವಾಕ್ಕೂ ನಡುವೆ ಉದ್ದಕ್ಕೆ ಚಾಚಿಕೊಂಡ ನಮ್ಮ ಕರಾವಳಿಯ ಚಿತ್ರ ಇದಕ್ಕಿಂತ ಬೇರೆಯೇ? ಸಿಟ್ಟಿಗೆದ್ದ ಅಲ್ಲಿನ ಗವರ್ನರು 2002ರಲ್ಲಿ, ನಿಲ್ಲದೆ ಹಾದುಹೋಗುವ ನೊಜೊಮಿಗೆ ತೆರಿಗೆ ಹಾಕುವ ಮಾತನ್ನೂ ಆಡಿದರು. ತೆರಿಗೆಯೂ ಬರಲಿಲ್ಲ, ನೊಜೊಮಿಯೂ ನಿಲ್ಲಲಿಲ್ಲ. ಅದೇ ಪ್ರಾಂತದ ಕಾಕೆಗಾವಾ ಎಂಬ ಊರಿನವರು ಚಂದಾ ಎತ್ತಿ ನಿಲ್ದಾಣಕ್ಕೆ ಹಣ ಕೂಡಿಸಿಕೊಟ್ಟರು. 1988ರಲ್ಲಿ ಅವರ ಊರಲ್ಲಿ ಶಿಂಕಾನ್ಸೆನ್ ನಿಂತಿತು. ಅಲ್ಲಿ ನಿಲ್ಲುವ ಗಾಡಿ ಕೊಡಾಮಾ. ನೊಜೊಮಿ ಬಂದ ಮೇಲೆ ಹಿಕಾರಿಯೂ ಬದಲಾಯಿತು. ಈಗ ಒಂದು ಹಿಕಾರಿ ಶಿಜುವೊಕಾ, ಹಮಾಮಾತ್ಸುವಿನಲ್ಲಿ ನಿಂತರೆ ಇನ್ನೊಂದು ಒದವಾರಾ ಅಥವಾ ತೊಯೊಹಾಶಿಯಲ್ಲಿ ನಿಲ್ಲುತ್ತದೆ. ಸರದಿಯ ಮೇಲೆ ಊರುಗಳನ್ನು ಹಂಚಿಕೊಂಡಿದ್ದಾರೆ. ಕೊಡಾಮಾ ಮಾತ್ರ ಈಗ ಹದಿನೇಳಾಗಿರುವ ನಿಲ್ದಾಣಗಳಲ್ಲಿ ಒಂದನ್ನೂ ಬಿಡದೆ ದಿನವಿಡೀ ಓಡುತ್ತಿದೆ.

ಜಪಾನ್ ದೂರದ ಮಾತಾಯಿತು ಎನ್ನುವುದಾದರೆ ನಮ್ಮದೇ ಮುಂಬೈ–ಅಹಮದಾಬಾದ್ ಬುಲೆಟ್ ರೈಲು ಯೋಜನೆ ನೋಡಿ. 508 ಕಿಲೋಮೀಟರ್, ಹನ್ನೆರಡು ನಿಲ್ದಾಣ. 2017ರ ಸೆಪ್ಟೆಂಬರಿನಲ್ಲಿ ಶಂಕುಸ್ಥಾಪನೆ ಆಯಿತು. ಅದರ ಯೋಜನೆಯಲ್ಲೂ ಎರಡು ಬಗೆಯ ಓಟವಿದೆ: ಕೆಲವೇ ಕಡೆ ನಿಂತು ಸುಮಾರು ಎರಡು ಗಂಟೆಯಲ್ಲಿ ಮುಟ್ಟುವುದು ಒಂದು, ಹನ್ನೆರಡೂ ಕಡೆ ನಿಂತು ಸುಮಾರು ಮೂರು ಗಂಟೆಯಲ್ಲಿ ಮುಟ್ಟುವುದು ಇನ್ನೊಂದು. ಅಂದರೆ ತತ್ವ ನಿಮಗೆ ಒಪ್ಪಿಗೆಯಾಗಿದೆ. ಆ ಮಾರ್ಗದ ಬಿಲ್ಲಿಮೋರಾದಂಥ ಚಿಕ್ಕ ಊರಿಗೆ ಸಲ್ಲುವ ನ್ಯಾಯ ಭಟ್ಕಳಕ್ಕೂ ಅಂಕೋಲಾಕ್ಕೂ ಸಲ್ಲಲಿ ಎಂದಷ್ಟೇ ನಾನು ಕೇಳುತ್ತಿರುವುದು.

ವಂದೇ ಭಾರತ್ ಬಗ್ಗೆ ನನಗೆ ಹೆಮ್ಮೆಯಿದೆ, ಅದನ್ನು ಮುಚ್ಚಿಡುವುದಿಲ್ಲ. ಚೆನ್ನೈನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯಲ್ಲಿ ಹುಟ್ಟಿದ್ದು. ಟ್ರೈನ್ 18 ಎಂದು ಮೊದಲ ಹೆಸರು. 2018ರ ಕೊನೆಯಲ್ಲಿ ರಾಜಸ್ಥಾನದ ಕೋಟಾ ಕಡೆಯ ಪರೀಕ್ಷೆಯಲ್ಲಿ ಗಂಟೆಗೆ 180 ಕಿಲೋಮೀಟರ್ ಮುಟ್ಟಿತು. 2019ರ ಫೆಬ್ರವರಿ 15ರಂದು ದೆಹಲಿಯಿಂದ ವಾರಾಣಸಿಗೆ ಮೊದಲ ಗಾಡಿ ಹೊರಟಿತು. ಕರ್ನಾಟಕಕ್ಕೆ ಅದು ಬಂದದ್ದು 2022ರ ನವೆಂಬರ್ 11ರಂದು, ಚೆನ್ನೈ–ಬೆಂಗಳೂರು–ಮೈಸೂರು ಮಾರ್ಗದಲ್ಲಿ. ಮರುವರ್ಷ ಜೂನ್ 27ರಂದು ಬೆಂಗಳೂರು–ಧಾರವಾಡದ್ದು, ಅದೇ ದಿನ ಮುಂಬೈ–ಮಡಗಾಂವ್‌ದ್ದು. ಮುಂದೆ ಎಳೆಯುವ ಎಂಜಿನ್ ಇಲ್ಲ, ಮೋಟಾರುಗಳು ಬೋಗಿಗಳ ಅಡಿಯಲ್ಲೇ ಹಂಚಿಕೊಂಡಿವೆ. ಶಿಮಾ ಅವರು ಶಿಂಕಾನ್ಸೆನ್ನಿಗೆ ಪಟ್ಟು ಹಿಡಿದು ತಂದದ್ದು ಇದೇ ವಿಧಾನ. ಹೀಗೆ ಹಂಚಿದ ಮೋಟಾರಿನ ಗಾಡಿ ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ. ಹತ್ತಿರದ ಊರುಗಳ ನಡುವೆ ಓಡುವ ನಮ್ಮ ಸಾಮಾನ್ಯ ವಿದ್ಯುತ್ ರೈಲು ಮೆಮು ಕೂಡ ಇದೇ ಜಾತಿಯದು. ಪದೇಪದೇ ನಿಂತು ಹೊರಡಬೇಕಾದ ಮಾರ್ಗಕ್ಕೆ ಹೇಳಿ ಮಾಡಿಸಿದ್ದು. 2022ರ ಜೂನಿನಲ್ಲಿ ಕೊಂಕಣ ರೈಲ್ವೆಯ ಪೂರ್ತಿ ವಿದ್ಯುದೀಕರಣವನ್ನು ದೇಶಕ್ಕೆ ಅರ್ಪಿಸಿದ್ದೀರಿ. ತಂತಿ ಬಂದಿದೆ, ಆ ಜಾತಿಯ ಗಾಡಿ ದೇಶದಲ್ಲೇ ತಯಾರಾಗುತ್ತಿದೆ. ಕರಾವಳಿಗೆ ಕೊಡಾಮಾ ಕೊಡಲಿಕ್ಕೆ ಯಾವ ಹೊಸ ತಂತ್ರಜ್ಞಾನವೂ ಬೇಕಾಗಿಲ್ಲ.

ಹಾಗಾದರೆ ಅಡ್ಡಿ ಎಲ್ಲಿ? ಹಳಿಯಲ್ಲಿ. ಕೊಂಕಣ ರೈಲ್ವೆಯ ಮಾರ್ಗ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನ ತನಕ; ಆ ಸುಮಾರು 740 ಕಿಲೋಮೀಟರಿನಲ್ಲಿ, ಮಹಾರಾಷ್ಟ್ರದ ರೋಹಾ–ವೀರ್ ನಡುವಿನ 46 ಕಿಲೋಮೀಟರು 2021ರಲ್ಲಿ ಜೋಡಿ ಹಳಿಯಾಯಿತು. ನಮ್ಮ ಕಡೆ ಇರುವುದು ಇಂದಿಗೂ ಒಂಟಿ ಹಳಿ. ಎದುರಿನ ಗಾಡಿ ಬರಬೇಕೆಂದರೆ ಈ ಗಾಡಿ ಯಾವುದಾದರೂ ನಿಲ್ದಾಣದ ಪಕ್ಕದ ಹಳಿಗೆ, ಅಂದರೆ ಲೂಪಿಗೆ, ಸರಿದು ಕಾಯಲೇಬೇಕು. ಜಪಾನಿನವರು ವೇಗದ ಗಾಡಿಗೆ ಬೇರೆ ಹಳಿ ಹಾಕಿ ಹಳೆಯ ಹಳಿಯನ್ನು ಲೋಕಲ್ಲಿಗೂ ಗೂಡ್ಸಿಗೂ ಬಿಡುವು ಮಾಡಿಕೊಟ್ಟರು. ನಾವು ಅದೇ ಒಂಟಿ ಹಳಿಯ ಮೇಲೆ ವೇಗದ ಗಾಡಿಯನ್ನೂ ತಂದೆವು. ಅದು ತಡವಾಗಬಾರದು ಎಂದರೆ ತಡವಾಗಬೇಕಾದದ್ದು ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸಂಜೆ ನಾನು ಕುಮಟಾದಲ್ಲಿ ಹತ್ತಿದ ಗಾಡಿ ಹೀಗೆ ಲೂಪಿನಲ್ಲಿ ನಿಂತಿತ್ತು. ಬಾಗಿಲ ಬಳಿ ಮೀನಿನ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಒಬ್ಬಾಕೆ ಕುಳಿತಿದ್ದಳು. ಆಕೆಯ ಮಗಳು ನನ್ನಲ್ಲಿ ಓದಿದವಳು. "ಅಕ್ಕೋರೆ, ಅದು ಹೋಗದೆ ನಮ್ದು ಬಿಡೂದಿಲ್ಲ. ಎಷ್ಟೊತ್ತು ಅಂತ ಗೊತ್ತಾದ್ರೆ ಕೆಳಗೆ ಇಳ್ದು ಒಂದು ಚಾ ಆದ್ರೂ ಕುಡೀಬೌದಿತ್ತು" ಅಂದಳು. ಆಮೇಲೆ ಪ್ಲಾಟ್‌ಫಾರಂ ನಡುಗಿಸಿಕೊಂಡು ಒಂದು ವೇಗದ ಗಾಡಿ ಹೋಯಿತು. ಅದು ಹೋದ ಮೇಲೂ ನಮ್ಮ ಸಿಗ್ನಲ್ ಕೆಂಪಾಗಿಯೇ ಇತ್ತು, ಹಿಂದೆಯೇ ಇನ್ನೊಂದು ಬರಬೇಕಿತ್ತಂತೆ. ಅಂಕೋಲಾದಲ್ಲಿ ಇಳಿದು ಆಕೆ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಆಕೆ ಬೈಯಲಿಲ್ಲ. ಸ್ಟೇಶನ್ನಿನವರನ್ನು ಬೈದು ಪ್ರಯೋಜನವೂ ಇಲ್ಲ, ಇರುವುದೇ ಒಂದು ಹಳಿ. ಆಕೆ ಕೇಳಿದ್ದು ಎಷ್ಟು ಹೊತ್ತು ಎಂಬ ಲೆಕ್ಕವನ್ನು. 1964ರಲ್ಲಿ ಕೊಡಾಮಾದ ಪ್ರಯಾಣಿಕರಿಗೆ ಸಿಕ್ಕಿದ್ದ ಲೆಕ್ಕ ಅದು.

ಈ ಹಳಿ ಬಂದ ಬಗೆಯನ್ನೂ ನೆನಪಿಸುತ್ತೇನೆ. ಮಂಗಳೂರಿನ ಮಗ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ 1990ರಲ್ಲಿ ಕೊಂಕಣ ರೈಲ್ವೆ ನಿಗಮ ಹುಟ್ಟಿತು. ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಕೇಂದ್ರದ ಜೊತೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ಪಾಲು ಹಾಕಿದವು. ನಮ್ಮ ರಾಜ್ಯದ ಪಾಲು ಶೇಕಡಾ 15. ಹೊನ್ನಾವರದಲ್ಲಿ ಶರಾವತಿಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಬಂತು, ಇಡೀ ಮಾರ್ಗದಲ್ಲಿ ಅದಕ್ಕಿಂತ ಉದ್ದದ್ದು ಇಲ್ಲ. 1998ರ ಜನವರಿ 26ರಿಂದ ಮಾರ್ಗ ಪೂರ್ತಿ ತೆರೆಯಿತು. ಗದ್ದೆ, ಗೇರು ತೋಟ, ತೆಂಗು ಬಿಟ್ಟುಕೊಟ್ಟವರು ಇಲ್ಲಿನ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಕೊಟ್ಟೆವು, ಸೀಬರ್ಡ್ ನೌಕಾನೆಲೆಗೆ ಕೊಟ್ಟೆವು, ರೈಲಿಗೂ ಕೊಟ್ಟೆವು. ರೈಲಿಗೆ ಕೊಡುವಾಗ ಮಾತ್ರ ಜನರಿಗೆ ಒಂದು ಸಂತೋಷವಿತ್ತು, ಇದು ನಾವೂ ಹತ್ತುವಂಥದ್ದು ಎಂದು.

ರಸ್ತೆಯಿದೆಯಲ್ಲ ಎನ್ನುವವರಿಗೆ 2024ರ ಮಳೆಗಾಲ ನೆನಪಿರಲಿ. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಜೀವಗಳು ಹೋದವು. ಆಗಸ್ಟ್ 7ರ ನಡುರಾತ್ರಿಯ ಸುಮಾರಿಗೆ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಬಿತ್ತು. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದವರಿಗಂತೂ ರೈಲೇ ಇಲ್ಲ. ಕರಾವಳಿಯ ರೈಲು ಹಿಡಿಯಬೇಕೆಂದರೆ ಅವರು ಘಟ್ಟ ಇಳಿದು ಬರಬೇಕು. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಕಥೆ ಇನ್ನೊಂದು ಪತ್ರಕ್ಕಾಗುವಷ್ಟಿದೆ, ಇಲ್ಲಿ ಬೇಡ. ಇನ್ನು ಆಸ್ಪತ್ರೆ. ಈ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದದ್ದು ನಿಮಗೆಲ್ಲ ಗೊತ್ತು. ಅದು ಬರುವ ತನಕ ಕ್ಯಾನ್ಸರಿನಂಥ ದೊಡ್ಡ ಕಾಯಿಲೆಯ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಇಲ್ಲವಾದರೆ ಗೋವಾ. ವಂದೇ ಭಾರತ್ ಶುರುವಾದಾಗಿನ ಸಮಯ ಹೇಗಿತ್ತೆಂದರೆ ಬೆಳಿಗ್ಗೆ ಮಂಗಳೂರಿನಿಂದ ಉತ್ತರಕ್ಕೆ, ಸಂಜೆ ಮಡಗಾಂವಿನಿಂದ ದಕ್ಷಿಣಕ್ಕೆ. ಬೆಳಿಗ್ಗೆ ಫೈಲು ಹಿಡಿದು ದಕ್ಷಿಣಕ್ಕೆ ಹೋಗಬೇಕಾದ ರೋಗಿಗೆ ಅದು ಎಲ್ಲಿ ನಿಂತರೂ ಉಪಯೋಗಕ್ಕೆ ಬರುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಯನ್ನು ಬಿಡಿಸಿ ಹೇಳುತ್ತೇನೆ. ಕಾರವಾರದಿಂದ ಮಂಗಳೂರಿಗೆ ಬೆಳಿಗ್ಗೆ ಬೇಗ ಹೊರಟು, ಹಾರವಾಡದಿಂದ ಹಿಡಿದು ಎಲ್ಲ ನಿಲ್ದಾಣಗಳಲ್ಲಿ ನಿಂತು, ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆಯುವ ಹೊತ್ತಿಗೆ ಉಡುಪಿ ಮುಟ್ಟಿಸುವ, ಸಂಜೆ ಹಿಂದಿರುಗುವ ಒಂದು ವಿದ್ಯುತ್ ರೈಲು ಕೊಡಿ. 2024ರ ಸೆಪ್ಟೆಂಬರಿನಲ್ಲಿ ಭುಜ್–ಅಹಮದಾಬಾದ್ ನಡುವೆ ನಮೋ ಭಾರತ್ ರ್‍ಯಾಪಿಡ್ ರೈಲು ಓಡಿಸಿದ್ದೀರಿ, ಅಂಥದ್ದೇ ಆಗಬಹುದು, ಮೆಮು ಆದರೂ ಬೇಸರವಿಲ್ಲ. ಇನ್ನೊಂದು, ಭಟ್ಕಳದಿಂದ ಹೊರಟು ವಂದೇ ಭಾರತ್ ಬರುವ ಮೊದಲೇ ಕಾರವಾರ ಸೇರುವ, ಸಂಜೆ ಅದರಿಂದ ಇಳಿದವರನ್ನು ಹೊತ್ತು ಭಟ್ಕಳದ ತನಕ ಬರುವ ಜೋಡಿ ಗಾಡಿ. ಕಾರವಾರದ ಸ್ಟೇಶನ್ನು ಇರುವುದು ಪೇಟೆಯಿಂದ ದೂರ, ಶಿರವಾಡದಲ್ಲಿ. ರಾತ್ರಿ ಅಲ್ಲಿ ಇಳಿದ ಅಂಕೋಲಾದವರು ಪೇಟೆಗೆ ಹೋಗಿ ಬಸ್ಸಿಗೆ ಕಾಯುವ ಬದಲು ಅದೇ ಪ್ಲಾಟ್‌ಫಾರಮ್ಮಿನಲ್ಲಿ ಇನ್ನೊಂದು ಗಾಡಿ ಹತ್ತುವಂತಾಗಬೇಕು. ಮಡಗಾಂವ್–ಮಂಗಳೂರು ಪ್ಯಾಸೆಂಜರ್ ಹಿಂದಿನಿಂದಲೂ ಇದೆ, ಅದಕ್ಕೆ ಋಣಿಗಳು. ಆದರೆ ಅದನ್ನು ವೇಗದ ಗಾಡಿಯ ಜೋಡಿ ಎಂದು ಯೋಚಿಸಿ ಇಟ್ಟದ್ದಲ್ಲ.

ನಿಲುಗಡೆಯ ವಿಷಯದಲ್ಲಿ ಹಿಕಾರಿಯ ಸರದಿ ಪದ್ಧತಿ ಇಲ್ಲೂ ನಡೆಯುತ್ತದೆ. ಹೋಗುವಾಗ ಕುಮಟಾದಲ್ಲಿ ನಿಂತರೆ ಬರುವಾಗ ಭಟ್ಕಳದಲ್ಲಿ, ಇಲ್ಲವೇ ವಾರದ ದಿನಗಳನ್ನು ಹಂಚಿಕೊಂಡು. ಹೊಟ್ಟೆಕಿಚ್ಚಿಲ್ಲದೆ ಹಂಚಿಕೊಳ್ಳಲಿಕ್ಕೆ ನಾವು ಊರಿನವರು ತಯಾರಿರಬೇಕು, ಈ ಮಾತು ನಮ್ಮವರಿಗೂ ಸೇರಿಸಿಯೇ ಹೇಳುತ್ತಿದ್ದೇನೆ.

ಇದಕ್ಕೆಲ್ಲ ತಳಹದಿ ಜೋಡಿ ಹಳಿ. ಪೂರ್ತಿ ಮಾರ್ಗಕ್ಕೆ ಹಣವಿಲ್ಲ ಎಂಬ ಉತ್ತರ ಕೇಳಿ ಕೇಳಿ ಸಾಕಾಗಿದೆ. ನಿಗಮವನ್ನು ಭಾರತೀಯ ರೈಲ್ವೆಯಲ್ಲಿ ವಿಲೀನ ಮಾಡಿದರೆ ಬಜೆಟ್ಟಿನ ಹಣ ಸಿಗುತ್ತದೆ ಎಂಬ ವಾದ ನನಗೆ ಸರಿಯೆನಿಸುತ್ತದೆ. ಅದು ಏನೇ ಆಗಲಿ, ಮೊದಲು ಸುರಂಗವೂ ದೊಡ್ಡ ಸೇತುವೆಯೂ ಇಲ್ಲದ ಸಮತಟ್ಟು ಭಾಗಗಳನ್ನು ಆರಿಸಿ ತುಂಡು ತುಂಡಾಗಿಯಾದರೂ ಜೋಡಿ ಹಳಿ ಹಾಕಬಹುದು. ಮಿರ್ಜಾನ್, ಇನ್ನಂಜೆಯಲ್ಲಿ ಗಾಡಿಗಳು ಒಂದನ್ನೊಂದು ದಾಟಲು ಹೊಸ ಕ್ರಾಸಿಂಗ್ ಸ್ಟೇಶನ್ ಮಾಡಿದ್ದೀರಿ, ಅಂಥವು ಇನ್ನಷ್ಟು ಬರಲಿ. ಅಲ್ಲಿಯ ತನಕ, ನಿಲ್ಲುವ ಗಾಡಿ ಎಲ್ಲಿ ಎಷ್ಟು ನಿಮಿಷ ಕಾಯುತ್ತದೆ ಎಂಬುದನ್ನು ವೇಳಾಪಟ್ಟಿಯಲ್ಲಿ ಅಚ್ಚು ಹಾಕಿ. ಅದಕ್ಕೆ ಖರ್ಚಾಗುವುದು ಕಾಗದ ಮಾತ್ರ.

ನಿಮ್ಮಲ್ಲಿ ಕೆಲವರ ಉತ್ತರ ನನಗೆ ಈಗಲೇ ಕೇಳಿಸುತ್ತಿದೆ. ಈ ಮಾರ್ಗದ ವಂದೇ ಭಾರತಿನಲ್ಲೇ ಸೀಟು ಖಾಲಿ ಓಡುತ್ತವೆ, ಇನ್ನು ಬೇರೆ ಗಾಡಿ ಯಾಕೆ ಎಂದು. ಸೀಟು ತುಂಬಬೇಕಾದವರು ಹಾದಿಯುದ್ದಕ್ಕೂ ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿದ್ದಾರೆ. ಅವರನ್ನು ಕಾರವಾರಕ್ಕೋ ಉಡುಪಿಗೋ ತಂದು ಮುಟ್ಟಿಸುವ ಗಾಡಿ ಇದ್ದರೆ ವೇಗದ ಗಾಡಿಯೂ ತುಂಬುತ್ತದೆ. ಟಿಕೆಟ್ಟಿನ ಬೆಲೆಯೂ ಒಂದು ಕಾರಣವೇ. ಕೂಲಿಯವರಿಗೂ ಮೀನು ಮಾರುವವರಿಗೂ ಅದು ಎಟಕುವುದಿಲ್ಲ, ನಿಲ್ಲುವ ಗಾಡಿಗೆ ಸಾಮಾನ್ಯ ದರವೇ ಇರಬೇಕು. ಮಳೆಗಾಲದಲ್ಲಿ ವೇಗ ಇಳಿಸುತ್ತೀರಿ, ಅದಕ್ಕೆ ನಮ್ಮ ತಕರಾರಿಲ್ಲ. 2004ರ ಜೂನಿನಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿಗಾದ ಅಪಘಾತವನ್ನು ಈ ಕರಾವಳಿ ಮರೆತಿಲ್ಲ. ಜಪಾನಿನ ಆ ಮಾರ್ಗದಲ್ಲಿ ಸೆಕಿಗಾಹಾರಾ ಎಂಬಲ್ಲಿ ಬೀಳುವ ಹಿಮಕ್ಕೆ ಶಿಂಕಾನ್ಸೆನ್ನೂ ನಿಧಾನವಾಗುತ್ತಿತ್ತು. ಹಳಿಯ ಬದಿಯಲ್ಲಿ ನೀರು ಚಿಮುಕಿಸುವ ವ್ಯವಸ್ಥೆ ಮಾಡಿಕೊಂಡರು, ಆದರೂ ಬೇಕಾದಾಗ ನಿಧಾನವಾಗಿಯೇ ಹೋದರು. ಮೊದಲ ವರ್ಷ ಹಳಿಯ ಕೆಳಗಿನ ಹಾಸು ಗಟ್ಟಿಯಾಗುವ ತನಕ ಹಿಕಾರಿಯನ್ನು ನಾಲ್ಕು ಗಂಟೆಯ ಓಟದಲ್ಲೇ ಇಟ್ಟು, 1965ರ ನವೆಂಬರಿನಲ್ಲಿ ಮೂರು ಗಂಟೆ ಹತ್ತು ನಿಮಿಷಕ್ಕೆ ಇಳಿಸಿದರು. ಅಷ್ಟು ಕಾಯುವ ತಾಳ್ಮೆ ನಮಗೂ ಇದೆ.

ಮುಂದಿನ ವೇಳಾಪಟ್ಟಿ ಸಿದ್ಧವಾಗುವ ಮೊದಲು ಕಾರವಾರ, ಕುಮಟಾ, ಭಟ್ಕಳ, ಈ ಮೂರು ಕಡೆ ಪ್ರಯಾಣಿಕರನ್ನು ಕರೆದು ಒಂದೊಂದು ಸಭೆ ಮಾಡಿ. ಸಂಸದರೂ ಶಾಸಕರೂ ಆ ಸಭೆಗೆ ಬರಲಿ. ಮೀನು ಮಾರುವ ಹೆಂಗಸರನ್ನೂ, ಕಾಲೇಜಿನ ಮಕ್ಕಳನ್ನೂ, ಚಿಕಿತ್ಸೆಗೆ ದೂರ ಹೋಗುವ ಮನೆಗಳವರನ್ನೂ ಕರೆಯಿರಿ. ಸಮಯ ಯಾವುದಾದರೆ ಅನುಕೂಲ ಎಂದು ಅವರನ್ನೇ ಕೇಳಿ ಬರೆದುಕೊಳ್ಳಿ. ಕುಮಟಾದ ಸಭೆಗೆ ಜಾಗ ಹುಡುಕುವುದು, ಜನರಿಗೆ ತಿಳಿಸುವುದು ನನ್ನ ಜವಾಬ್ದಾರಿ. ದಿನಾಂಕ ತಿಳಿಸಿದರೆ ಸಾಕು.

ಇಂತಿ ನಿಮ್ಮ ವಿಶ್ವಾಸಿ,
ಕುಮಟಾದ ಒಬ್ಬ ನಿವೃತ್ತ ಶಿಕ್ಷಕಿ